ಹನ್ನೊಂದು ಹೆಸರು

ನೆಲಕ್ಕೆ ಕಚ್ಚಿಕೊಂಡ ಚ್ಯೂಯಿಂಗ್ ಗಮ್ ಕೀಳುವುದಕ್ಕೆ ಒಂದು ಕ್ರಮವಿದೆ. ಮೊದಲು ಅದರ ಮೇಲೆ ಐಸು ಇಡಬೇಕು. ಅದು ಕಲ್ಲಾದ ಮೇಲೆ ಅಗಲ ಬಾಯಿಯ ಉಳಿ ತೂರಿಸಿ ಒಂದೇ ಏಟಿಗೆ ಮೀಟಬೇಕು. ಅವಸರ ಮಾಡಿದಿರೋ, ಎಳೆ ಎಳೆಯಾಗಿ ಉಳಿಗೇ ಸುತ್ತಿಕೊಂಡು ನಿಮ್ಮನ್ನೇ ನೋಡಿ ನಗುತ್ತದೆ. ಐಸಿಲ್ಡಾ ಬ್ರಿಸೆಟ್ ಅವಸರ ಮಾಡುವವಳಲ್ಲ. ಪೂರ್ವ ಲಂಡನ್ನಿನ ಪ್ಲೋವರ್ ಹೌಸ್ ಎಂಬ ಇಪ್ಪತ್ತು ಮಹಡಿಯ ಕಟ್ಟಡ, ಅದರ ಬುಡದಲ್ಲಿ ಒಂದು ಸಮುದಾಯ ಭವನ. ಇಪ್ಪತ್ತಾರು ವರ್ಷದಿಂದ ಅದರ ನೆಲ ಒರೆಸುವವಳು ಅವಳು. ಎಡ ಮೊಣಕಾಲು ಬಗ್ಗುತ್ತಿರಲಿಲ್ಲ. ಬಲ ಮೊಣಕಾಲು ಬಗ್ಗಿದರೆ ಏಳುತ್ತಿರಲಿಲ್ಲ. ಬ್ಲೀಚಿನ ನೀರಿಗೆ ಬೆರಳ ತುದಿಗಳು ಬಿರಿದು, ಆಮೇಲೆ ನುಣ್ಣಗಾಗಿ, ಗೆರೆಗಳೇ ಅಳಿಸಿಹೋಗಿದ್ದವು. ಒಮ್ಮೆ ಕಂಪನಿಯವರು ಹಾಜರಿ ಹಾಕಲು ಬೆರಳಚ್ಚಿನ ಯಂತ್ರ ತಂದರು. ಯಂತ್ರ ಅವಳನ್ನು ಮನುಷ್ಯಳೆಂದೇ ಒಪ್ಪಲಿಲ್ಲ.

ಆ ಬುಧವಾರ ಬೆಳಿಗ್ಗೆ ಅರ್ಧ ನೆಲ ಮುಗಿದಿತ್ತು. ಶನಿವಾರ ಭವನದ ಗೋಡೆಗೆ ಕೌನ್ಸಿಲಿನವರು ಒಂದು ಫಲಕ ಹಾಕುವವರಿದ್ದರು. ‘ಗ್ರೈಮ್ ಸಂಗೀತದ ತೊಟ್ಟಿಲು’ ಎಂದು ಅದರ ಮೇಲೆ ಬರೆಸಿದ್ದರು. ಗ್ರೈಮ್ ಎಂದರೆ ಕೊಳೆ, ಜಿಡ್ಡು. ಅದನ್ನು ಉಜ್ಜಿ ತೆಗೆಯುವುದಕ್ಕೇ ಸಂಬಳ ಪಡೆಯುವವಳಿಗೆ, ಅದರ ಹೆಸರಿಗೆ ಫಲಕವೂ ಬರುತ್ತದೆಂಬುದು ಹೊಸ ಸುದ್ದಿ.

ಅದು 2015. ಗ್ರೈಮ್ ವರ್ಷವೆಂದು ಪತ್ರಿಕೆಗಳು ಬರೆದಿದ್ದವು. ಹತ್ತು ಹನ್ನೆರಡು ವರ್ಷದಿಂದ ಇಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದ ಹಾಡು ಆ ವರ್ಷ ಊರಿನ ಇನ್ನೊಂದು ತುದಿಯವರ ಕಿವಿಗೆ ಬಿತ್ತು. ತಮಗೆ ಕೇಳಿಸಿದ ದಿನವೇ ಅದು ಹುಟ್ಟಿದ ದಿನವೆಂದು ಅವರು ತೀರ್ಮಾನಿಸಿದರು. ಯಾವ ಟೋಪಿಯಂಗಿ ಹಾಕಿಕೊಂಡಿದ್ದಕ್ಕೆ ಪೊಲೀಸರು ನಮ್ಮ ಮಕ್ಕಳನ್ನು ಗೋಡೆಗೆ ಒತ್ತಿ ಜೇಬು ತಡಕುತ್ತಿದ್ದರೋ, ಅದೇ ಅಂಗಿ ದೊಡ್ಡ ಅಂಗಡಿಯ ಗಾಜಿನೊಳಗೆ ಬೊಂಬೆಯ ಮೈಮೇಲೆ ನಿಂತಿತು. ಬೊಂಬೆಯ ಜೇಬನ್ನು ಯಾರೂ ತಡಕಲಿಲ್ಲ. ರೇಡಿಯೋದಲ್ಲಿ ಒಬ್ಬ ಪ್ರೊಫೆಸರು ಈ ಹಾಡಿನ ಕೋಪ ಎಲ್ಲಿಂದ ಬಂತೆಂದು ನಲವತ್ತು ನಿಮಿಷ ಚಿಂತಿಸಿದ. ಪ್ಲೋವರ್ ಹೌಸಿನ ಲಿಫ್ಟು ಹತ್ತಿದ್ದರೆ ಎರಡೇ ನಿಮಿಷಕ್ಕೆ ಗೊತ್ತಾಗುತ್ತಿತ್ತು. ಲಿಫ್ಟು ಕೆಟ್ಟ ದಿನವಾದರೆ ಇನ್ನೂ ಬೇಗ.

“ಐಸಿಲ್ಡಾ! ಐಸಿಲ್ಡಾ ಡಿಯರ್! ನಿಮ್ಮನ್ನೇ ಹುಡುಕ್ತಿದ್ದೆ!”

ಪಿಪ್ಪಾ ಹಾಲೋವೇ ಒದ್ದೆ ನೆಲದ ಮೇಲೆ ಬೂಟಿನ ಗುರುತು ಬಿಡುತ್ತ ಬಂದಳು. ಕೌನ್ಸಿಲಿನ ಸಂಸ್ಕೃತಿ ವಿಭಾಗದವಳು, ಇಪ್ಪತ್ತೆಂಟು ವರ್ಷ. ಅರವತ್ತಮೂರರ ಹೆಂಗಸನ್ನು ಅವಳು ಹೆಸರು ಹಿಡಿದು ಕರೆಯುವುದು ಸಮಾನತೆ. ಐಸಿಲ್ಡಾ ಅವಳನ್ನು ಮಿಸ್ ಹಾಲೋವೇ ಎನ್ನುವುದು ಶಿಸ್ತು.

“ಕೇಳಿ, ಆ ಹಾಡುಗಾರ್ತಿ ಕೆಟಲ್ ನಿಮ್ಮ ಮಗಳಂತೆ! ಒಂದು ದಿನಾನಾದ್ರೂ ಹೇಳಿದ್ರಾ?”

“ನೀವು ಕೇಳಲಿಲ್ಲ, ಮಿಸ್ ಹಾಲೋವೇ.”

“ಶನಿವಾರ ಅವಳು ಹಾಡಲೇಬೇಕು. ಮೂರೇ ನಿಮಿಷ. ಹಿಂದೆ ನಾಲ್ಕು ಜನ ಪಿಟೀಲು ನುಡಿಸ್ತಾರೆ. ಊಹಿಸ್ಕೊಳ್ಳಿ, ಗ್ರೈಮು, ಪಿಟೀಲು! ಬೈಗುಳ ಮಾತ್ರ ಬೇಡ. ಆಮೇಲೆ ಆ ಸಾಲು ಇದೆಯಲ್ಲ, ಪೊಲೀಸಿನವರ ಬಗ್ಗೆ. ಅದೂ ಬೇಡ. ಬಾಡಿಗೆ ಬಗ್ಗೆ ಇರೋದು... ಅದೂ ಸ್ವಲ್ಪ.”

“ಮತ್ತೆ ಉಳಿಯೋದು?”

“ಭಾವ!” ಎಂದಳು ಪಿಪ್ಪಾ.

ಐಸಿಲ್ಡಾ ಇನ್ನೊಂದು ಗಮ್ಮಿನ ಮೇಲೆ ಐಸು ಇಟ್ಟಳು.

ಈ ಕೆಟಲ್ ಎಂಬ ಹೆಸರು ಐಸಿಲ್ಡಾಳ ಕೆಟಲಿನಿಂದಲೇ ಬಂದದ್ದು. ಒಂಬತ್ತು ವರ್ಷದ ಹಿಂದಿನ ಮಾತು. ಹದಿನೇಳನೇ ಮಹಡಿಯಲ್ಲಿ ಪಕ್ಕದ ಮನೆ ಕ್ವಾಬೆನಾ ಓಫೋರಿಯದು. ಘಾನಾದವರ ಹುಡುಗ, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಹೊರುವ ಕೆಲಸ. ಅವನ ಅಡುಗೆಮನೆಯೇ ರೇಡಿಯೋ ನಿಲಯ. ಕಟ್ಟಡದ ಮಾಳಿಗೆ ಮೇಲೆ ಒಂದು ಏರಿಯಲ್ಲು, ಒಲೆಯ ಪಕ್ಕ ಹಾಡಿನ ಪ್ಲೇಟು ತಿರುಗಿಸುವ ಎರಡು ಯಂತ್ರ, ಒಂದು ಮೈಕು. ಲೈಸೆನ್ಸು ಇರಲಿಲ್ಲ. ಲೈಸೆನ್ಸು ಇದ್ದ ರೇಡಿಯೋದವರು ಇವರ ಹಾಡು ಹಾಕಿದ್ದರೆ ಇವರಿಗೇಕೆ ಬೇಕಿತ್ತು ಅಡುಗೆಮನೆ? ಐಸಿಲ್ಡಾ ಕರಿದ ಹಿಟ್ಟಿನುಂಡೆ, ಉಪ್ಪು ಮೀನಿನ ಪಲ್ಯ ಕಳಿಸುತ್ತಿದ್ದಳು, ಚಹಾಕ್ಕೆ ತನ್ನ ಕೆಟಲು ಕೊಟ್ಟಿದ್ದಳು. ಅವಳ ಮಗಳು ರೊಶೆಲ್, ಆಗ ಇಪ್ಪತ್ತಮೂರು, ಮೈಕು ಹಿಡಿದಾಗಲೆಲ್ಲ ಆ ಕೆಟಲು ಹಿಂದೆ ಸಿಳ್ಳೆ ಹಾಕುತ್ತಿತ್ತು. ಕೇಳುವವರೇ ಹೆಸರಿಟ್ಟರು, ಕೆಟಲ್.

ನಿಮಿಷಕ್ಕೆ ನೂರಾನಲವತ್ತು ಬಡಿತ. ಎದೆ ಹಾಗೆ ಬಡಿದರೆ ಆಸ್ಪತ್ರೆಗೆ ಬಾ ಎಂದು ಡಾಕ್ಟರು ಐಸಿಲ್ಡಾಳಿಗೆ ಹೇಳಿದ್ದರು. ರೊಶೆಲ್ ಅದೇ ಬಡಿತಕ್ಕೆ ಮಾತು ಕಟ್ಟುತ್ತಿದ್ದಳು. ಗೋಡೆಯ ಬೂಷ್ಟು, ಕೆಟ್ಟ ಲಿಫ್ಟು, ಮೊಣಕಾಲು ಬಗ್ಗದ ತಾಯಿ, ಎಲ್ಲವೂ ಅದರೊಳಗೆ. ಒಂದು ಸಾಲು ಕೇಳುವವರ ಎದೆಗೆ ನಾಟಿತೆನ್ನಿ, ಅವರು ನಿಲಯದ ಫೋನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ದುಡ್ಡು ಖರ್ಚಿಲ್ಲದ ಚಪ್ಪಾಳೆ ಅದು. ಒಂದು ಬಂದರೆ ಯಾರದೋ ಕೈತಪ್ಪು ಎಂದು ಕ್ವಾಬೆನಾ ಬಿಡುತ್ತಿದ್ದ. ಎರಡು ಬಂದವೋ, ಪ್ಲೇಟು ಸರ್‍ರನೆ ಹಿಂದಕ್ಕೆಳೆದು, “ಮೊದಲಿಂದ!” ಎನ್ನುತ್ತಿದ್ದ. ಹಾಡಿದವಳು ಮೊದಲ ಮಾತಿನಿಂದ ಮತ್ತೆ ಹಾಡಬೇಕು. ಅದಕ್ಕಿಂತ ದೊಡ್ಡ ಮರ್ಯಾದೆ ಅವರಲ್ಲಿ ಇರಲಿಲ್ಲ.

“ಇನ್ನೊಂದೇ ಒಂದು ಸಣ್ಣ ಕೆಲಸ,” ಪಿಪ್ಪಾ ಚೀಲದಿಂದ ಕಾಗದ ತೆಗೆದಳು. “ಈ ಫಾರಂ. ಠಾಣೆಗೆ ಕೊಡಬೇಕು. ಏನೂ ಇಲ್ಲ, ಬರೀ ಪದ್ಧತಿ. ಹಾಡೋರ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಕು, ವಿಳಾಸ, ಮೊಬೈಲ್ ನಂಬರು. ನಿಮಗೆ ಇಲ್ಲಿಯ ಮನೆಗಳೆಲ್ಲ ಗೊತ್ತಲ್ಲ?”

ಎಂಟು ಪುಟ. ಐಸಿಲ್ಡಾ ಅದನ್ನು ಮುಟ್ಟಲಿಲ್ಲ. ಮುಟ್ಟದೆಯೂ ಪ್ರತಿ ಪುಟ ಅವಳಿಗೆ ಗೊತ್ತಿತ್ತು.

“ಕೌನ್ಸಿಲೇ ಮಾಡೋ ಹಬ್ಬಕ್ಕೂ ಇದು ಬೇಕಾ?”

“‘ಸಂಗೀತದ ಬಗೆ’ ಅನ್ನೋ ಕಡೆ ಗ್ರೈಮ್ ಅಂತ ಬಂದ್ರೆ ಬೇಕೇ ಬೇಕು.”

“ಪಿಟೀಲಿನವರದ್ದೂ ಬರೀಬೇಕಾ? ಹುಟ್ಟಿದ ತಾರೀಕು, ಮನೆ ನಂಬರು?”

ಪಿಪ್ಪಾ ನಕ್ಕಳು. “ಇಲ್ಲ ಇಲ್ಲ, ಅವರು ಸಂಗೀತ ಕಾಲೇಜಿನೋರು.”

“ನನ್ನ ಮಗಳು?”

“ಅಯ್ಯೋ, ಅವಳ ವಿವರ ಆಗ್ಲೇ ಇದೆ!” ಪಿಪ್ಪಾಳಿಗೆ ಏನೋ ನೆನಪಾಗಿ ಮುಖ ಅರಳಿತು. “ನಿಮಗೆ ತೋರಿಸ್ಬೇಕು ಅಂತಿದ್ದೆ. ಠಾಣೆಯ ಹಳೇ ಕಡತದಲ್ಲಿ ಎಂಥಾ ನಿಧಿ ಸಿಕ್ತು ಗೊತ್ತಾ? ಒಂಬತ್ತು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ಕೆಟಲ್‌ಳ ಮೊದಲ ಕಾರ್ಯಕ್ರಮ ನಡೀಬೇಕಿತ್ತಂತೆ. ಅದಕ್ಕೆ ತುಂಬಿದ ಫಾರಂ! ನಿಮ್ಮದೇ ಸಹಿ! ಎಷ್ಟು ಮುದ್ದಾದ ಅಕ್ಷರ ಐಸಿಲ್ಡಾ, ಮಣಿ ಪೋಣಿಸಿದ ಹಾಗೆ! ಇದನ್ನ ಬಾಗಿಲ ಹತ್ರಾನೇ ಗಾಜಿನ ಪೆಟ್ಟಿಗೇಲಿ ಇಡ್ತಿದೀವಿ. ಮನೆ ನಂಬರು ಫೋನು ಎಲ್ಲ ಮುಚ್ತೀವಿ, ಹೆದರ್ಬೇಡಿ. ಹೆಸರು ಮಾತ್ರ. ಇದು ಇತಿಹಾಸ!”

ಐಸು ಕರಗಿ ನೀರಾಗಿ ನೆಲದ ಮೇಲೆ ಹರಿಯಿತು. ಐಸಿಲ್ಡಾ ಉಳಿ ಹಿಡಿದೇ ಕುಳಿತಿದ್ದಳು.

ಜಮೈಕಾದಲ್ಲಿ ಅವಳು ಶಾಲೆ ಬಿಟ್ಟದ್ದು ಹತ್ತನೇ ವಯಸ್ಸಿಗೆ. ಮತ್ತೆ ಪೆನ್ಸಿಲು ಹಿಡಿದದ್ದು ಐವತ್ತೊಂದಕ್ಕೆ, ಮಿಸ್ ಪೆಟಿಗ್ರೂ ನಡೆಸುತ್ತಿದ್ದ ಸಂಜೆ ತರಗತಿಯಲ್ಲಿ. ಮಿಸ್ ಪೆಟಿಗ್ರೂ ಒಳ್ಳೆಯವಳು, ಕಟ್ಟುನಿಟ್ಟು. ವಾರಕ್ಕೊಂದು ಫಾರಂ ಕೊಟ್ಟು ತುಂಬಿಸುತ್ತಿದ್ದಳು. ಒಂದು ಜಾಗ ಖಾಲಿ ಬಿಟ್ಟರೂ ಕೆಂಪು ಗೀಟು. “ಖಾಲಿ ಬಿಟ್ಟರೆ ಗೊತ್ತಿಲ್ಲ ಅಂತ ಅರ್ಥ, ಐಸಿಲ್ಡಾ. ನಿಮಗೆ ಗೊತ್ತಿದೆ ತಾನೆ?” ಮೂರು ವರ್ಷ ಕಲಿತ ಮೇಲೆ ಐಸಿಲ್ಡಾಳ ಕೈಗೆ ಮೊದಲ ನಿಜವಾದ ಫಾರಂ ಬಂತು. ಮಗಳ ಕಾರ್ಯಕ್ರಮಕ್ಕೆ ಭವನ ಬೇಕಾದರೆ ಇದನ್ನು ತುಂಬಬೇಕೆಂದರು. ಮಗಳಿಗೆ ಹೇಳದೆ ಅವಳು, ಚರ್ಚಿಗೆ ಹೋಗುವ ಭಾನುವಾರದ ಬಟ್ಟೆ ಹಾಕಿಕೊಂಡು, ಮೇಜು ಒರೆಸಿ, ಕೈ ತೊಳೆದು ತುಂಬಲು ಕುಳಿತಳು.

ಬರೆಯಬಲ್ಲವರು ಇಂಥ ಫಾರಂ ಕಂಡರೆ ಅರ್ಧ ಖಾಲಿ ಬಿಡುತ್ತಾರೆ. ಸುಳ್ಳು ನಂಬರು ಬರೆಯುತ್ತಾರೆ. ಅದು ಓದಿದವರ ಜಾಣತನ. ಹೊಸದಾಗಿ ಬರೆಯಲು ಕಲಿತವಳಿಗೆ ಖಾಲಿ ಜಾಗವೆಂದರೆ ಅವಮಾನ. ಹಾಡುವ ಹನ್ನೊಂದು ಮಂದಿಯೂ ಅವಳ ಕೈತುತ್ತು ತಿಂದು ಬೆಳೆದವರೇ. ಯಾರು ಯಾವ ದಿನ ಹುಟ್ಟಿದ್ದು, ಯಾವ ಬಾಗಿಲು, ತಾಯಿ ಯಾವ ಹೊತ್ತಿಗೆ ಕೆಲಸಕ್ಕೆ ಹೋಗುತ್ತಾಳೆ, ಎಲ್ಲ ಬಾಯಿಪಾಠ. ಫೋನ್ ನಂಬರುಗಳು ನಿಲಯದ ಗೋಡೆಗೆ ತೂಗುಬಿಟ್ಟ ಪುಸ್ತಕದಲ್ಲಿದ್ದವು. ಎಲ್ಲ ಬರೆದಳು. ‘ಸಂಗೀತದ ಬಗೆ’ ಎಂದಿದ್ದಲ್ಲಿ ‘ಗ್ರೈಮ್’ ಎಂದು ಬರೆದಳು. ‘ಯಾವ ಬಗೆಯ ಜನ ಬರುತ್ತಾರೆ’ ಎಂದಿದ್ದಲ್ಲಿ ‘ನಮ್ಮ ಮಕ್ಕಳು’ ಎಂದು ಬರೆದಳು. ಒಂದು ಜಾಗವೂ ಖಾಲಿ ಬಿಡಲಿಲ್ಲ. ಅಂಥ ವಿದ್ಯಾರ್ಥಿನಿ ಠಾಣೆಯವರಿಗೆ ಮತ್ತೆ ಸಿಕ್ಕಿರಲಾರಳು.

ಕಾರ್ಯಕ್ರಮ ಎರಡು ದಿನ ಮೊದಲೇ ರದ್ದಾಯಿತು. ‘ಸಾರ್ವಜನಿಕ ಸುರಕ್ಷತೆ’ ಎಂಬ ಎರಡು ಪದದ ಕಾರಣ ಕೊಟ್ಟರು. ಆಮೇಲೆ ಒಂದು ತಿಂಗಳೊಳಗೆ ಆ ಹನ್ನೊಂದು ಮಂದಿಯಲ್ಲಿ ಪೊಲೀಸರು ಬೀದಿಯಲ್ಲಿ ನಿಲ್ಲಿಸಿ ತಡಕದವರಿಲ್ಲ. ಹುಡುಗಿಯರನ್ನೂ ಬಿಡಲಿಲ್ಲ. ರೊಶೆಲ್‌ಳನ್ನು ಬಸ್ ನಿಲ್ದಾಣದಲ್ಲಿ, ನೋಡುವವರೆಲ್ಲ ನೋಡುತ್ತಿರುವಾಗ, ಬೂಟು ಬಿಚ್ಚಿಸಿ ನಿಲ್ಲಿಸಿದರು. ಜನವರಿಯ ನೆಲ, ಬರಿಗಾಲು. ಹೆಸರು ಹೇಳುವ ಮೊದಲೇ, “ಏನು ಕೆಟಲ್, ಕುದಿ ಬಂತಾ?” ಎಂದ ಒಬ್ಬ. ಕ್ವಾಬೆನಾನ ಬಾಗಿಲನ್ನು ಬೆಳಗಿನ ತಿಂಡಿಯ ಹೊತ್ತಿಗೆ ಒಡೆದರು. ಆಯುಧ ಹುಡುಕಿದರು. ಸಿಕ್ಕಿದ್ದು ಐಸಿಲ್ಡಾಳ ಹಿಟ್ಟಿನುಂಡೆಯ ಬಾಣಲೆ. ಮುನ್ನೂರು ಪ್ಲೇಟು, ಮೈಕು, ಯಂತ್ರ ಹೊತ್ತೊಯ್ದರು. ಯಾವ ತಪ್ಪೂ ಹೊರಿಸಲಿಲ್ಲ. ಆದರೆ ವಿಮಾನ ನಿಲ್ದಾಣದವರು ಹೆಸರು ಎಲ್ಲೋ ಬಂದಿದೆಯೆಂದು ಅವನ ಪಾಸು ಕಿತ್ತುಕೊಂಡರು. ಆಕಾಶಕ್ಕೆ ಹೋಗುವ ಪೆಟ್ಟಿಗೆಗಳನ್ನು ಹಾಡುವವನ ಕೈಯಿಂದ ಕಾಪಾಡಿದರು.

“ಯಾರೋ ಪಟ್ಟಿ ಕೊಟ್ಟಿದಾರೆ,” ಎಂದಳು ರೊಶೆಲ್. “ಹುಟ್ಟಿದ ತಾರೀಕು, ಅಡ್ಡಹೆಸರು, ಎಲ್ಲ. ಎಲ್ಲರ ನಂಬರು ಇರೋದು ಕ್ವಾಬೆನಾನ ಪುಸ್ತಕದಲ್ಲಿ ಮಾತ್ರ. ಮೊದಲು ಹಿಡಿದಿದ್ದೂ ಅವನನ್ನೇ. ಬಾಯಿ ಬಿಟ್ಟಿದಾನೆ.”

ರೊಶೆಲ್ ಮತ್ತು ಕ್ವಾಬೆನಾ ಆ ಬೇಸಿಗೆಯಲ್ಲಿ ಮನೆ ಮಾಡುವವರಿದ್ದರು. ಅವಳು ಮೆಟ್ಟಿಲ ಮೇಲೆ ಎಲ್ಲರೆದುರು ಅವನ ಮುಖಕ್ಕೆ ಉಗಿದಳು. ಅವನು ಒರೆಸಿಕೊಂಡ, ಮಾತಾಡಲಿಲ್ಲ. ಐಸಿಲ್ಡಾ ಎರಡು ಮೆಟ್ಟಿಲು ಮೇಲೆ ಮಾರುಕಟ್ಟೆಯ ಚೀಲ ಹಿಡಿದು ನಿಂತಿದ್ದಳು. ಅವಳೂ ಮಾತಾಡಲಿಲ್ಲ.

ಊರು ಬಿಡುವ ದಿನ ಕ್ವಾಬೆನಾ ಅವಳ ಬಾಗಿಲು ತಟ್ಟಿ ಬಾಣಲೆ ವಾಪಸ್ ಕೊಟ್ಟ. ತೊಳೆದು ತಂದಿದ್ದ.

“ಆಂಟಿ, ಠಾಣೇಲಿ ನನಗೊಂದು ಕಾಗದ ತೋರಿಸಿದ್ರು,” ಎಂದ. “ನಿಮ್ಮ ಅಕ್ಷರ ತುಂಬ ಚೆನ್ನಾಗಿದೆ.”

ಅಷ್ಟೇ. ಲಿಫ್ಟು ಕೆಟ್ಟಿತ್ತು. ಹದಿನೇಳು ಮಹಡಿ ಅವನು ಇಳಿದ ಸದ್ದು ಅವಳು ಕೇಳಿದಳು. ರೊಶೆಲ್ ಆಮೇಲೆ ಮೈಕು ಮುಟ್ಟಲಿಲ್ಲ.

ಐಸಿಲ್ಡಾ ಸುಮ್ಮನೆ ಕೂರಲಿಲ್ಲ. ಅದೇ ವಾರ ಠಾಣೆಯ ದೊಡ್ಡ ಅಧಿಕಾರಿಗೆ ಕಾಗದ ಬರೆದಳು. ಅರ್ಧ ಪುಟ. ತಪ್ಪು ಬರಬಾರದೆಂದು ಮಿಸ್ ಪೆಟಿಗ್ರೂಗೆ ತೋರಿಸಿದಳು. ಮಿಸ್ ಪೆಟಿಗ್ರೂ ಓದಿ ಕನ್ನಡಕ ತೆಗೆದಳು. “ಇದರಲ್ಲಿ ಕೋಪ ಇದೆ, ಐಸಿಲ್ಡಾ. ಕೋಪದ ಕಾಗದ ಯಾರೂ ಓದಲ್ಲ. ‘ದಯಮಾಡಿ’ಯಿಂದ ಶುರುಮಾಡಿ.” ಐಸಿಲ್ಡಾ ಶುರುಮಾಡಿದಳು. ಎರಡನೇ ಪ್ರತಿಯಲ್ಲಿ ‘ದಯಮಾಡಿ’ ಬಂತು. ನಾಲ್ಕನೆಯದರಲ್ಲಿ ‘ನಿಮ್ಮ ಅಮೂಲ್ಯ ಸಮಯ’ ಬಂತು. ಒಂಬತ್ತನೆಯದರಲ್ಲಿ ‘ಬಹುಶಃ’ ಬಂತು, ‘ನಾನು’ ಹೋಯಿತು. ಹದಿನೇಳನೆಯ ಪ್ರತಿ ಎಷ್ಟು ಸಭ್ಯವಾಗಿತ್ತೆಂದರೆ ಅದರಲ್ಲಿ ಯಾರೂ ಯಾರಿಗೂ ಏನೂ ಮಾಡಿರಲಿಲ್ಲ. ಅದನ್ನೂ ಅವಳು ಕಳಿಸಲಿಲ್ಲ. ಕಳಿಸಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಮನೆಯ ಬಾಗಿಲಿಗೆ ಬರುತ್ತದೆ. ಬಾಗಿಲಲ್ಲಿ ಬಿದ್ದ ಕಾಗದ ಎತ್ತುವವಳು ಮಗಳು.

ಹದಿನೇಳು ಪ್ರತಿಯೂ ಬಿಸ್ಕತ್ತಿನ ಡಬ್ಬಿಯಲ್ಲಿ, ಸೂಜಿದಾರದ ಅಡಿಯಲ್ಲಿ, ಒಂಬತ್ತು ವರ್ಷದಿಂದ ಮಲಗಿದ್ದವು.

“ಐಸಿಲ್ಡಾ? ಪೆನ್ನು ಕೊಡ್ಲಾ?” ಪಿಪ್ಪಾ ಕೇಳಿದಳು.

ಐಸಿಲ್ಡಾ ಬಕೆಟ್ಟಿನ ಅಂಚು ಹಿಡಿದು ಎದ್ದಳು. ಏಳಲು ಹೊತ್ತು ಹಿಡಿಯಿತು. ಪಿಪ್ಪಾ ಕೈ ಚಾಚಿದಳು, ಅವಳು ಹಿಡಿಯಲಿಲ್ಲ.

“ಪಿಟೀಲಿನವರ ಮನೆ ನಂಬರು ಮೊದಲು ಬರೀರಿ.”

“ಅದು ಬೇಕಾಗಿಲ್ಲ ಅಂದ್ನಲ್ಲ...”

“ಅವರು ಹುಟ್ಟಿದ ತಾರೀಕು ಬರೀರಿ. ಅವರ ತಾಯಿ ಯಾವ ಹೊತ್ತಿಗೆ ಮನೇಲಿರ್ತಾಳೆ ಬರೀರಿ. ಆಮೇಲೆ ನಿಮ್ಮದು ಬರೀರಿ, ಮಿಸ್ ಹಾಲೋವೇ. ಫಲಕದ ಪರದೆ ಎಳೆಯೋ ಮೇಯರ್ ಸಾಹೇಬರದ್ದು ಬರೀರಿ. ಅಡ್ಡಹೆಸರು ಸಮೇತ. ಎಲ್ಲಾ ಬರೆದು ಠಾಣೆಗೆ ಕೊಡಿ. ಒಂದು ತಿಂಗಳು ಬಿಟ್ಟು ನನ್ನ ಹತ್ರ ಬನ್ನಿ. ಬೂಟು ಹಾಕ್ಕೊಂಡು ಬಂದ್ರೆ ನಮ್ಮ ಮಕ್ಕಳ ಹೆಸರು ಕೊಡ್ತೀನಿ.”

“ಬೇಜಾರು ಮಾಡ್ಕೋಬೇಡಿ. ಬೇಕಾದ್ರೆ ಸಂಗೀತದ ಬಗೆ ‘ಶಾಸ್ತ್ರೀಯ’ ಅಂತ ಹಾಕಿಬಿಡೋಣ? ಪಿಟೀಲು ಇದ್ದೇ ಇದೆ. ಆಗ ಫಾರಮ್ಮೇ ಬೇಡ!”

ಗ್ರೈಮಿಗೆ ಫಲಕ, ಫಾರಮ್ಮಿನಲ್ಲಿ ಗ್ರೈಮಿಲ್ಲ. ಸತ್ತ ಎಮ್ಮೆಗೆ ಮೊಳದುದ್ದ ಹಾಲು ಎಂಬ ಮಾತಿದೆ. ಇಲ್ಲಿ ಎಮ್ಮೆ ಸತ್ತೂ ಇರಲಿಲ್ಲ. ಅಡುಗೆಮನೆಯಿಂದ ಓಡಿಸಿದ್ದರು, ಅಷ್ಟೆ.

“ಆ ಹಳೇ ಕಾಗದ ಕೊಡಿ,” ಎಂದಳು ಐಸಿಲ್ಡಾ.

“ತಗೊಳಿ ತಗೊಳಿ!” ಪಿಪ್ಪಾ ಸಂತೋಷದಿಂದಲೇ ಕೊಟ್ಟಳು. “ಇದು ನಕಲು. ಸ್ಕ್ಯಾನ್ ಮಾಡಿಟ್ಟಿದೀವಿ.”

ಐಸಿಲ್ಡಾ ಅದನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿದಳು. ಉಳಿಯನ್ನು ಬಕೆಟ್ಟಿಗೆ ಹಾಕಿದಳು.

“ನೆಲ? ಅರ್ಧ ಇನ್ನೂ ಹಾಗೇ ಇದೆಯಲ್ಲ,” ಎಂದಳು ಪಿಪ್ಪಾ.

“ತೊಟ್ಟಿಲು ಅಂದ್ರಲ್ಲ. ಮಗು ಕೊಳೆ ಇದ್ರೇನೇ ಚೆಂದ. ಹಾಗೇ ಇರ್ಲಿ.”

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳು ಅರ್ಧ ನೆಲ ಬಿಟ್ಟು ಹೊರಟಳು. ಅವಳ ಹೆಜ್ಜೆ ಗುರುತು ಪಿಪ್ಪಾಳ ಗುರುತಿನ ಪಕ್ಕ ಒದ್ದೆ ನೆಲದ ಮೇಲೆ ಮೂಡಿತು.

ರೊಶೆಲ್ ಈಗ ಬಸ್ಸು ಓಡಿಸುತ್ತಾಳೆ. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಮನೆಗೆ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ ತೆರೆದಿತ್ತು, ಸೂಜಿದಾರ ಹೊರಗೆ ಬಿದ್ದಿತ್ತು. ತಾಯಿ ಭಾನುವಾರದ ಬಟ್ಟೆಯಲ್ಲಿ ಕುಳಿತಿದ್ದಳು.

“ಏನಮ್ಮಾ, ಬುಧವಾರಾನೇ ಚರ್ಚಿಗಾ? ಯಾರು ಸತ್ತಿದ್ದು?”

“ಕೂತ್ಕೊ.”

“ಕೂತ್ಕೊಂಡೇ ಎಂಟು ಗಂಟೆ ದುಡಿದು ಬಂದಿದೀನಿ, ನಿಲ್ಲೋಕೆ ಬಿಡು. ಗೊತ್ತಾ, ಇವತ್ತು ಬಸ್ಸಲ್ಲಿ ಒಬ್ಬ ಗಡ್ಡದವನು ಗ್ರೈಮ್ ಕೇಳ್ತಿದ್ದ, ಇಡೀ ಬಸ್ಸಿಗೆ ಕೇಳೋ ಹಾಗೆ. ಸ್ವಲ್ಪ ಕಮ್ಮಿ ಮಾಡಿ ಅಂದೆ. ‘ಇದು ನಿಮಗೆ ಅರ್ಥ ಆಗಲ್ಲ’ ಅಂದ ನನ್ಮಗ!” ರೊಶೆಲ್ ನಕ್ಕಳು. ತಾಯಿ ನಗಲಿಲ್ಲ. ರೊಶೆಲ್‌ಳ ನಗು ಅರ್ಧಕ್ಕೆ ನಿಂತಿತು. “ಏನಾಯ್ತು?”

ಐಸಿಲ್ಡಾ ಫಾರಮ್ಮಿನ ನಕಲು ಮೇಜಿನ ಮೇಲೆ ಬಿಡಿಸಿಟ್ಟಳು.

ರೊಶೆಲ್ ಮೊದಲ ಪುಟ ನೋಡಿದಳು. ಎರಡನೆಯದು ತಿರುಗಿಸಿದಳು. ಹನ್ನೊಂದು ಹೆಸರಿನ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು. ಆ ದುಂಡು ಅಕ್ಷರವನ್ನು ಅವಳು ಸಾಮಾನಿನ ಚೀಟಿಯಲ್ಲಿ, ಹುಟ್ಟುಹಬ್ಬದ ಕಾರ್ಡಿನಲ್ಲಿ, ಫ್ರಿಜ್ಜಿನ ಬಾಗಿಲಲ್ಲಿ ದಿನಾ ನೋಡಿದವಳು. ಯಾರದೆಂದು ಕೇಳಲಿಲ್ಲ.

“ಕ್ವಾಬೆನಾ ಅಲ್ಲ,” ಎಂದಳು ಐಸಿಲ್ಡಾ. “ನಾನು.”

ಕೆಟಲು ಕುದಿದು ತಾನೇ ಆರಿತು.

“ಒಂಬತ್ತು ವರ್ಷ,” ಎಂದಳು ರೊಶೆಲ್.

“ಹೂಂ.”

“ನಾನು ಅವನ ಮುಖಕ್ಕೆ ಉಗಿದೆ. ನೀನು ಹಿಂದೇನೇ ನಿಂತಿದ್ದೆ. ಆಲೂಗಡ್ಡೆ ಚೀಲ ಹಿಡ್ಕೊಂಡು.”

“ನಿಂತಿದ್ದೆ.”

“ಯಾಕಮ್ಮಾ?”

“ಬರೆಯೋವಾಗ ಹೆಮ್ಮೆ. ಬರೆದ ಮೇಲೆ ಹೆದರಿಕೆ. ನೀನೂ ಹೋಗ್ಬಿಡ್ತೀಯ ಅಂತ.” ಐಸಿಲ್ಡಾ ಡಬ್ಬಿಯ ತಳದಿಂದ ಒಂದು ಹಾಳೆ ತೆಗೆದಳು. ಮೊದಲ ಪ್ರತಿ, ಮಿಸ್ ಪೆಟಿಗ್ರೂಳ ಕೆಂಪು ಗೀಟು ತುಂಬಿದ್ದು. “ಶನಿವಾರ ಇದನ್ನ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಅಲ್ಲಿ ನೋಡಿ ನಿನಗೆ ಗೊತ್ತಾಗೋದು ಬೇಡ. ಇದೊಂದು ಕೇಳು. ಆಮೇಲೆ ಏನು ಅನ್ನಬೇಕೋ ಅನ್ನು.”

ಅವಳು ಓದಿದಳು. ಎರಡು ಕಡೆ ತಡವರಿಸಿದಳು. ರೊಶೆಲ್ ಗೋಡೆ ನೋಡುತ್ತ ನಿಂತಿದ್ದಳು. ಆ ಗೋಡೆಯ ಆಚೆ ಒಂದು ಕಾಲದಲ್ಲಿ ರೇಡಿಯೋ ಇತ್ತು. ಈಗ ಅಲ್ಲಿ ಬ್ಯಾಂಕಿನ ಕೆಲಸದವರು ಬಾಡಿಗೆಗಿದ್ದರು. ಅವರು ಗೋಡೆಗೆ ಹಾಕಿದ್ದ ಚಿತ್ರದಲ್ಲಿ ಪ್ಲೇಟು ತಿರುಗಿಸುವ ಯಂತ್ರವಿತ್ತಂತೆ.

ಓದಿ ಮುಗಿಯಿತು. ರೊಶೆಲ್ ಗೋಡೆಯಿಂದ ಮುಖ ತಿರುಗಿಸಿದಳು.

“ಅವನ ನಂಬರು ಇದೆಯಾ ನಿನ್ನ ಹತ್ರ?”

“ಇದೆ. ಲೂಟನ್ನಿನ ಯಾವುದೋ ಗೋಡೌನಲ್ಲಿ ಇದಾನೆ. ಕ್ರಿಸ್‌ಮಸ್ಸಿಗೆ ಕಾರ್ಡು ಹಾಕ್ತಾನೆ, ಪ್ರತಿ ವರ್ಷ, ನನ್ನ ಕೆಲಸದ ವಿಳಾಸಕ್ಕೆ.”

“ನಿನಗೆ ಕಾರ್ಡು ಹಾಕ್ತಾನೆ.” ರೊಶೆಲ್ ಹಲ್ಲು ಕಚ್ಚಿದಳು. “ನಂಬರು ಕೊಡು. ನಿನಗೆ ಗೊತ್ತಿರುತ್ತಲ್ಲ, ಎಲ್ಲರ ನಂಬರೂ.”

ಆ ಏಟು ಸರಿಯಾದ ಜಾಗಕ್ಕೇ ಬಿತ್ತು. ಐಸಿಲ್ಡಾ ನಂಬರು ಹೇಳಿದಳು. ರೊಶೆಲ್ ಫೋನಿಗೆ ಒತ್ತಿಕೊಂಡು, ಕೋಟು ಎತ್ತಿಕೊಂಡು, ಬಾಗಿಲು ಬಡಿದು ಹೋದಳು.

ಅಂಚೆ ಪೆಟ್ಟಿಗೆ ಬಸ್ ನಿಲ್ದಾಣದ ಪಕ್ಕದಲ್ಲಿದೆ. ಐದೂವರೆಗೆ ಕಾಗದ ಎತ್ತಲು ವ್ಯಾನು ಬರುತ್ತದೆ. ಲಿಫ್ಟು ಆ ದಿನವೂ ಕೆಟ್ಟಿತ್ತು. ಬಗ್ಗದ ಕಾಲು ಒಂದು, ಬಗ್ಗಿದರೆ ಏಳದ ಕಾಲು ಒಂದು, ಹದಿನೇಳು ಮಹಡಿ. ಐಸಿಲ್ಡಾ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕ್ವಾಬೆನಾ ಇಳಿದ ಮೆಟ್ಟಿಲುಗಳೇ. ಪ್ರತಿ ಮಹಡಿಯಲ್ಲೂ ನಿಂತು ಉಸಿರು ತಗೊಂಡಳು. ಹದಿನೇಳನೆಯ ಸಭ್ಯ ಪ್ರತಿಯನ್ನು ಎಂಟನೇ ಮಹಡಿಯ ಕಸದ ತೂಬಿಗೆ ಹಾಕಿದಳು. ನಡುವಿನ ಹದಿನೈದನ್ನೂ ಮೇಲಿನ ಮಹಡಿಗಳ ತೂಬಿಗೆ ಆಗಲೇ ಹಾಕಿ ಬಂದಿದ್ದಳು. ಕೈಯಲ್ಲಿ ಉಳಿದದ್ದು ಮೊದಲನೆಯದು, ಕೆಂಪು ಗೀಟುಗಳ ಸಮೇತ. ಲಕೋಟೆಗೆ ಅಂಚೆಚೀಟಿ ಹಚ್ಚಿತ್ತು. ಬಾಯಿ ಇನ್ನೂ ಅಂಟಿಸಿರಲಿಲ್ಲ.

ನಿಲ್ದಾಣದಲ್ಲಿ ಏಳೆಂಟು ಜನ ಬಸ್ಸಿಗೆ ಕಾದಿದ್ದರು. ಅವಳು ಕೆಂಪು ಪೆಟ್ಟಿಗೆಯ ಮುಂದೆ ನಿಂತು ಲಕೋಟೆಯ ಬಾಯಿಗೆ ನಾಲಗೆ ಮುಟ್ಟಿಸಿದಳು. ಅಷ್ಟರಲ್ಲಿ ಜೇಬಿನ ಫೋನು ಒಮ್ಮೆ ಹೊಡೆದುಕೊಂಡು ನಿಂತಿತು. ತೆಗೆದು ನೋಡಿದಳು. ರೊಶೆಲ್. ಮಿಸ್ಡ್ ಕಾಲ್.

ಕೈತಪ್ಪಿ ಒತ್ತಿರಬೇಕು ಎಂದುಕೊಂಡಳು. ಒಂದು ಬಂದರೆ ಕೈತಪ್ಪು.

ಲಕೋಟೆ ಪೆಟ್ಟಿಗೆಯ ಬಾಯಿಗೆ ಹಿಡಿದಳು. ಫೋನು ಮತ್ತೆ ಒಮ್ಮೆ ಹೊಡೆದುಕೊಂಡು ನಿಂತಿತು. ಈ ಸಲ ಬೇರೆ ಹೆಸರು. ಕ್ವಾಬೆನಾ.

ಐಸಿಲ್ಡಾ ಪೆಟ್ಟಿಗೆಗೆ ಒರಗಿದಳು. ಕಣ್ಣು ಮಂಜಾಯಿತು, ಒರೆಸಿಕೊಂಡಳು. ಎರಡು ಬಂದರೆ ಏನು ಮಾಡಬೇಕೆಂಬುದು ಆ ಕಟ್ಟಡದಲ್ಲಿ ಬದುಕಿದ ಎಲ್ಲರಿಗೂ ಗೊತ್ತು. ಅವಳು ಲಕೋಟೆಯ ಒದ್ದೆ ಬಾಯಿ ಬಿಡಿಸಿ, ಹಾಳೆ ಹೊರಗೆಳೆದು, ಬೆನ್ನು ನೆಟ್ಟಗೆ ಮಾಡಿಕೊಂಡು, ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮೊದಲಿಂದ ಓದಿದಳು:

“ಠಾಣೆಯ ದೊಡ್ಡ ಅಧಿಕಾರಿಗೆ. ನನ್ನ ಹೆಸರು ಐಸಿಲ್ಡಾ ಬ್ರಿಸೆಟ್. ನಾನು ನೆಲ ಒರೆಸುವವಳು. ಹನ್ನೊಂದು ಮಕ್ಕಳ ಹೆಸರು ಬರೆದು ಕೊಟ್ಟವಳು ನಾನು. ಹಾಡುವುದಕ್ಕೆ ಬೇಕು ಅಂದಿರಿ, ಅದಕ್ಕೆ ಬರೆದೆ. ಹಿಡಿಯುವುದಕ್ಕೆ ಅಂತ ನೀವು ಹೇಳಲಿಲ್ಲ. ನೀವು ಮೋಸ ಮಾಡಿದಿರಿ. ನನ್ನ ಅಕ್ಷರದಿಂದ ನನ್ನ ಮಕ್ಕಳಿಗೆ ಹೊಡೆದಿರಿ. ಆ ಹೆಸರುಗಳು ನಿಮ್ಮವಲ್ಲ. ಹೊತ್ತೊಯ್ದ ಪ್ಲೇಟುಗಳೂ ನಿಮ್ಮವಲ್ಲ. ನಾನು ದಯಮಾಡಿ ಅನ್ನುವುದಿಲ್ಲ. ವಾಪಸ್ ಕೊಡಿ.”

“ಏನಂ‍ದ್ರಿ ಅಜ್ಜಿ? ಮಧ್ಯದ್ದು ಕೇಳ್ಲಿಲ್ಲ,” ಎಂದಳು ನಿಲ್ದಾಣದಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು.

“ಅವರು ಕೇಳ್ತಾರೆ ಬಿಡಮ್ಮ,” ಎಂದಳು ಐಸಿಲ್ಡಾ.

ತಿರುವಿನಲ್ಲಿ ಅಂಚೆಯ ವ್ಯಾನು ಕಾಣಿಸಿತು. ಅವಳು ಹಾಳೆ ಮಡಚಿ ಲಕೋಟೆಗೆ ಹಾಕಿ, ಬಾಯಿ ಒತ್ತಿ ಅಂಟಿಸಿ, ಗೆರೆ ಅಳಿದ ಬೆರಳುಗಳಿಂದ ಪೆಟ್ಟಿಗೆಯೊಳಗೆ ತಳ್ಳಿದಳು. ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಕೈ ತೆಗೆಯಲಿಲ್ಲ.